ಬೊಜ್ಜಿನ ಜೀನು, ಕಿಡ್ನಿಯ ಗಡ್ಡೆ

ಕಿಡ್ನಿಯಿಂದ ತೆಗೆದ ಕ್ಯಾನ್ಸರ್ ಗಡ್ಡೆಯನ್ನು ಪೆಥಾಲಜಿ ಲ್ಯಾಬಿನ ಮೇಜಿನ ಮೇಲಿಟ್ಟು ಸೀಳಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಬಣ್ಣ. ಹೊಂಬಣ್ಣಕ್ಕೆ ತಿರುಗಿದ ಹಳದಿ, ನಡುನಡುವೆ ರಕ್ತ ಒಸರಿದ ಕೆಂಪು ಕಲೆಗಳು. ಆ ಹಳದಿಗೆ ಕಾರಣ ಕೊಬ್ಬು. ಅದೇ ತುಣುಕನ್ನು ಆಲ್ಕೋಹಾಲು, ಕ್ಸೈಲೀನುಗಳಲ್ಲಿ ಅದ್ದಿ, ಮೇಣದಲ್ಲಿ ಕೂರಿಸಿ, ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಜೀವಕೋಶಗಳು ಒಳಗೆ ಏನೂ ಇಲ್ಲದಂತೆ ಬೆಳ್ಳಗೆ ಕಾಣುತ್ತವೆ. ಕೊಬ್ಬೂ ಗ್ಲೈಕೋಜನ್ನೂ ಕರಗಿಹೋಗಿ ಖಾಲಿ ಜಾಗ ಉಳಿದಿರುತ್ತದೆ. ‘ಕ್ಲಿಯರ್ ಸೆಲ್’ ಎಂದು ಕರೆಯುವ ಈ ಬಗೆ ದೊಡ್ಡವರ ಕಿಡ್ನಿ ಕ್ಯಾನ್ಸರಿನಲ್ಲಿ ಸುಮಾರು ಮುಕ್ಕಾಲು ಪಾಲು. 1883ರಲ್ಲಿ ಜರ್ಮನಿಯ ಪಾಲ್ ಗ್ರಾವಿಟ್ಸ್ ಈ ಕೊಬ್ಬನ್ನು ಕಂಡೇ, ಇದು ಕಿಡ್ನಿಯದಲ್ಲ, ಕಿಡ್ನಿಯ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯ ಚೂರೊಂದು ದಾರಿತಪ್ಪಿ ಒಳಸೇರಿ ಬೆಳೆದದ್ದು ಎಂದು ವಾದಿಸಿದ. ವಾದ ತಪ್ಪಾಗಿತ್ತು. ಆದರೂ ಅದರಿಂದ ಹುಟ್ಟಿದ ‘ಹೈಪರ್‌ನೆಫ್ರೋಮ’ ಎಂಬ ಹೆಸರು ಆಸ್ಪತ್ರೆಯ ಕಡತಗಳಲ್ಲಿ ದಶಕಗಟ್ಟಲೆ ಉಳಿಯಿತು.

ಗಡ್ಡೆಯೊಳಗೆ ಕೊಬ್ಬು, ಗಡ್ಡೆಯ ಸುತ್ತ ಕೊಬ್ಬು, ಬಹಳ ಸಲ ರೋಗಿಯ ಮೈಯಲ್ಲೂ ಕೊಬ್ಬು. ಈ ಮೂರಕ್ಕೂ ಏನು ನಂಟು? ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಕಿಡ್ನಿ ಕ್ಯಾನ್ಸರ್ ಸಂಶೋಧನೆಯ ಒಂದು ಪಾಲು ಈ ಪ್ರಶ್ನೆಯ ಸುತ್ತಲೇ ತಿರುಗಿದೆ.

ಪ್ರಶ್ನೆ ಕಗ್ಗಂಟಾಗಿರುವುದು ಎರಡು ಸಂಗತಿಗಳಿಂದ. ಮೊದಲನೆಯದರಲ್ಲಿ ಯಾರಿಗೂ ತಕರಾರಿಲ್ಲ: ಬೊಜ್ಜು ಕಿಡ್ನಿ ಕ್ಯಾನ್ಸರನ್ನು ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಬೊಜ್ಜಿನೊಂದಿಗೆ ನಂಟಿರುವ 13 ಕ್ಯಾನ್ಸರ್‌ಗಳ ಪಟ್ಟಿ ಕೊಟ್ಟಾಗ ಕಿಡ್ನಿಯೂ ಅದರಲ್ಲಿತ್ತು. ತೂಕ ಸರಿಯಿರುವವರಿಗೆ ಹೋಲಿಸಿದರೆ ತೀರಾ ದಪ್ಪವಿರುವವರಲ್ಲಿ ಅಪಾಯ ಸುಮಾರು 1.8 ಪಟ್ಟು. ಎರಡನೆಯದು ವೈದ್ಯರನ್ನೇ ಗೊಂದಲಕ್ಕೆ ಕೆಡವಿದ ಸಂಗತಿ. ರೋಗ ಬಂದಾದ ಮೇಲೆ, ದಪ್ಪವಿರುವವರೇ ಹೆಚ್ಚು ಕಾಲ ಬದುಕುತ್ತಾರೆ. ಫ್ರಾನ್ಸಿನ ಲಾರೆನ್ಸ್ ಅಲ್ಬಿಜ್, ಬಾಸ್ಟನ್ನಿನ ಟೋನಿ ಷುಯೇರಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಅಂಗಗಳಿಗೂ ಹರಡಿದ ಕಿಡ್ನಿ ಕ್ಯಾನ್ಸರಿನ 1,975 ರೋಗಿಗಳಿದ್ದರು. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 25 ಅಥವಾ ಅದಕ್ಕಿಂತ ಹೆಚ್ಚಿದ್ದವರ ಮಧ್ಯಾಂಕ (ಮೀಡಿಯನ್) ಬದುಕು 25.6 ತಿಂಗಳು, ಕಡಿಮೆ ಇದ್ದವರದು 17.1 ತಿಂಗಳು. ಔಷಧ ಪ್ರಯೋಗಗಳಲ್ಲಿ ಪಾಲ್ಗೊಂಡಿದ್ದ ಇನ್ನೂ 4,657 ಜನರ ದಾಖಲೆ ತೆಗೆದು ನೋಡಿದರೂ ಅದೇ ಚಿತ್ರ. ಇದಕ್ಕೆ ‘ಬೊಜ್ಜಿನ ವಿರೋಧಾಭಾಸ’ ಎಂಬ ಹೆಸರು ಬಿತ್ತು.

ರೋಗ ತರುವುದೂ ಬೊಜ್ಜು, ಬಂದ ರೋಗಿಯನ್ನು ಕಾಯುವುದೂ ಬೊಜ್ಜು ಎಂದರೆ ನಂಬುವುದು ಕಷ್ಟ. ಆದ್ದರಿಂದಲೇ ಉತ್ತರ ಹುಡುಕುವ ಕೆಲಸ ಜೀನುಗಳ ಕಡೆ ಹೊರಳಿತು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪತ್ರಿಕೆಗಳಲ್ಲಿ ‘ಬೊಜ್ಜಿಗೆ ಸಂಬಂಧಿಸಿದ ಜೀನ್ ಬದಲಾವಣೆ’ ಎಂದು ಬರುವಾಗ ಮೂರು ಬೇರೆಬೇರೆ ವಿಷಯಗಳು ಕಲಸಿಹೋಗಿರುತ್ತವೆ. ಅಪ್ಪ ಅಮ್ಮನಿಂದ ಬಂದು ಮೈಯ ಪ್ರತಿ ಕೋಶದಲ್ಲೂ ಇರುವ ವ್ಯತ್ಯಾಸಗಳು ಒಂದು. ಹುಟ್ಟಿದ ಮೇಲೆ ಗಡ್ಡೆಯ ಕೋಶಗಳಲ್ಲಿ ಮಾತ್ರ ಆದ ಡಿಎನ್‌ಎ ಕೆಡುಕು ಇನ್ನೊಂದು. ಡಿಎನ್‌ಎ ಅಕ್ಷರ ಒಂದೂ ಬದಲಾಗದೆ, ಜೀನ್ ಎಷ್ಟು ಜೋರಾಗಿ ಅಥವಾ ಮೆಲ್ಲಗೆ ಕೆಲಸ ಮಾಡುತ್ತಿದೆ ಎಂಬುದರಲ್ಲಿ ಆಗುವ ಏರಿಳಿತ ಮೂರನೆಯದು. ರೋಗಿ ಎಷ್ಟು ಕಾಲ ಬದುಕುತ್ತಾರೆ ಎಂಬುದರ ಜೊತೆ ಬೊಜ್ಜಿನ ನಂಟು ಕಂಡಿರುವುದು ಮುಖ್ಯವಾಗಿ ಈ ಮೂರನೆಯದರಲ್ಲಿ. ಜನರ ಬಾಯಲ್ಲಿರುವುದು, ಜೀನ್ ಟೆಸ್ಟ್ ಮಾರುವವರ ಜಾಹೀರಾತಿನಲ್ಲಿರುವುದು ಮೊದಲನೆಯದು.

ಮೊದಲನೆಯದರ ನಾಯಕ ಎಫ್‌ಟಿಒ. 2007ರಲ್ಲಿ ಸಕ್ಕರೆ ಕಾಯಿಲೆಯ ಜೀನ್ ಹುಡುಕಲು ಹೊರಟ ಬ್ರಿಟನ್ನಿನ ತಂಡಕ್ಕೆ 16ನೇ ಕ್ರೋಮೋಸೋಮಿನಲ್ಲಿ ಇದು ಸಿಕ್ಕಿತು. ಸುಮಾರು 39 ಸಾವಿರ ಜನರ ಪರೀಕ್ಷೆಯಲ್ಲಿ, ಇದರ ಅಪಾಯದ ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರು ಯಾರಿಂದಲೂ ಪಡೆಯದವರಿಗಿಂತ ಸರಾಸರಿ 3 ಕಿಲೋ ಹೆಚ್ಚು ತೂಗುತ್ತಿದ್ದರು. ಅಷ್ಟೇ, 3 ಕಿಲೋ. ನಮ್ಮಲ್ಲಿ ಈ ಜೀನಿನ ನಡತೆ ಕೊಂಚ ಬೇರೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ಗಿರಿರಾಜ್ ಚಾಂಡಕ್ ಅವರ ತಂಡ 2009ರಲ್ಲಿ ಪುಣೆ ಮತ್ತು ಮೈಸೂರಿನ ಜನರನ್ನು ಪರೀಕ್ಷಿಸಿದಾಗ, ಎಫ್‌ಟಿಒ ರೂಪಾಂತರ ಸಕ್ಕರೆ ಕಾಯಿಲೆಯ ಅಪಾಯವನ್ನು ಹೆಚ್ಚಿಸುತ್ತಿತ್ತು. ಆದರೆ ಯುರೋಪಿನಲ್ಲಿ ಕಂಡಂತೆ ಅದು ಪೂರ್ತಿ ತೂಕದ ಮೂಲಕ ನಡೆದಿರಲಿಲ್ಲ. 2008ರಲ್ಲಿ ಲಂಡನ್ನಿನಲ್ಲಿ ನೆಲೆಸಿದ ಭಾರತ ಮೂಲದವರ ಅಧ್ಯಯನದಿಂದ ಎಂಸಿ4ಆರ್ ಜೀನಿನ ಹತ್ತಿರದ ಒಂದು ರೂಪಾಂತರ ಬೆಳಕಿಗೆ ಬಂತು. ಅದು ಸೊಂಟದ ಸುತ್ತಳತೆಯೊಡನೆ ತಳುಕು ಹಾಕಿಕೊಂಡಿತ್ತು. ಯುರೋಪಿಯನ್ನರಿಗಿಂತ ಭಾರತೀಯರಲ್ಲಿ ಹೆಚ್ಚು ಸಾಮಾನ್ಯವೂ ಆಗಿತ್ತು.

ಒಂದೇ ಜೀನ್ ಕೆಟ್ಟು ಬೊಜ್ಜು ಬರುವುದೂ ಉಂಟು, ಅದು ತೀರಾ ಅಪರೂಪ. 1997ರಲ್ಲಿ ಕೇಂಬ್ರಿಜ್ ವೈದ್ಯರು ವಿವರಿಸಿದ, ಪಾಕಿಸ್ತಾನ ಮೂಲದ ಕುಟುಂಬವೊಂದರ ಮಕ್ಕಳಿಗೆ ಲೆಪ್ಟಿನ್ ಎಂಬ ಹಾರ್ಮೋನೇ ಇರಲಿಲ್ಲ. ಎಂಟು ವರ್ಷದ ಮಗು 86 ಕಿಲೋ ತೂಗುತ್ತಿತ್ತು. ಉಳಿದ ಕೋಟ್ಯಂತರ ಜನರ ಬೊಜ್ಜಿನಲ್ಲಿ ನೂರಾರು ಜೀನುಗಳದು ತಲಾ ಚೂರುಪಾರು ಪಾಲು, ಜೊತೆಗೆ ಊಟ, ಕೂತ ಕೆಲಸ, ನಿದ್ದೆ, ಊರು.

ಆದರೆ ಈ ಚೂರುಪಾರು ಜೀನುಗಳಿಂದ ಒಂದು ಜಾಣ ಉಪಯೋಗವಿದೆ. ಜೀನ್ ಹುಟ್ಟುವಾಗಲೇ ಹಂಚಿಕೆಯಾಗಿರುತ್ತದೆ. ಸಿಗರೇಟು, ಸಂಬಳ, ಕಾಯಿಲೆ ಯಾವುದೂ ಅದನ್ನು ಬದಲಾಯಿಸಲಾರವು. ಹಾಗಾಗಿ ತೂಕ ಹೆಚ್ಚಿಸುವ ಜೀನುಗಳಿರುವವರಲ್ಲಿ ಕಿಡ್ನಿ ಕ್ಯಾನ್ಸರೂ ಹೆಚ್ಚಿದ್ದರೆ, ಬೊಜ್ಜೇ ಕಾರಣ ಎನ್ನಲು ಬಲ ಬರುತ್ತದೆ. 2019ರಲ್ಲಿ 10,784 ಕಿಡ್ನಿ ಕ್ಯಾನ್ಸರ್ ರೋಗಿಗಳನ್ನೂ 20,406 ಆರೋಗ್ಯವಂತರನ್ನೂ ಹೀಗೆ ತೂಗಿ ನೋಡಲಾಯಿತು. ಬೊಜ್ಜಿನ ಮೇಲಿನ ಆರೋಪ ಗಟ್ಟಿಯಾಯಿತು. ಜೊತೆಗೆ ಇನ್ನೆರಡು ಹೆಸರು ಸೇರಿದವು: ಉಪವಾಸದಲ್ಲಿದ್ದಾಗಲೂ ಏರಿರುವ ಇನ್ಸುಲಿನ್, ಮತ್ತು ರಕ್ತದೊತ್ತಡದ ಕೆಳಗಿನ ಅಂಕಿ. ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್‌ಗಳ ಮೇಲೆ ಅಂಥ ಸಾಕ್ಷ್ಯ ಸಿಗಲಿಲ್ಲ. ಬೊಜ್ಜು ಕಿಡ್ನಿಯನ್ನು ಮುಟ್ಟುವ ದಾರಿಗಳಲ್ಲಿ ಇನ್ಸುಲಿನ್ ಮುಖ್ಯವಾದದ್ದು ಎಂಬ ಅನುಮಾನಕ್ಕೆ ಇದರಿಂದ ಬಲ ಬಂತು.

ನೆನಪಿಡಬೇಕಾದ ಮಾತೆಂದರೆ, ಇದೆಲ್ಲ ರೋಗ ಬರುವುದರ ಕುರಿತದ್ದು. ಬಂದ ಮೇಲೆ ರೋಗಿಯ ಗತಿ ಏನು ಎಂಬುದು ಬೇರೆ ಲೆಕ್ಕ.

ಇನ್ನು ಗಡ್ಡೆಯದೇ ಡಿಎನ್‌ಎ. ಕ್ಲಿಯರ್ ಸೆಲ್ ಕ್ಯಾನ್ಸರಿನ ಮೂಲ ಕೆಡುಕು 3ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿದೆ. 1993ರಲ್ಲಿ ಪತ್ತೆಯಾದ ವಿಎಚ್‌ಎಲ್ ಜೀನ್ ಇರುವುದು ಅಲ್ಲೇ. ಇದು ಕೆಟ್ಟರೆ, ಆಮ್ಲಜನಕ ಸಾಕಷ್ಟಿದ್ದರೂ ಕೋಶ ಉಸಿರುಗಟ್ಟಿದಂತೆ ವರ್ತಿಸುತ್ತದೆ. ಎಚ್‌ಐಎಫ್ ಎಂಬ ಪ್ರೋಟೀನ್ ಲಂಗುಲಗಾಮಿಲ್ಲದೆ ಹೆಚ್ಚಿ ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ. ಈ ಆಮ್ಲಜನಕದ ಗುಟ್ಟು ಬಿಡಿಸಿದ್ದಕ್ಕೆ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆಂಝಾ ಅವರಿಗೆ 2019ರ ನೊಬೆಲ್ ಬಂತು. ಕೊಬ್ಬಿನ ಹಳದಿಗೂ ಮೂಲ ಇದೇ. ಕೊಬ್ಬನ್ನು ಉರಿಸಲು ಮೈಟೋಕಾಂಡ್ರಿಯದೊಳಗೆ ಸಾಗಿಸುವ ಸಿಪಿಟಿ1ಎ ಎಂಬ ಕಿಣ್ವವನ್ನು ಎಚ್‌ಐಎಫ್ ಅದುಮಿಡುತ್ತದೆ. ಉರಿಯಲಾಗದ ಕೊಬ್ಬು ಹನಿಹನಿಯಾಗಿ ಕೋಶದಲ್ಲೇ ಕೂರುತ್ತದೆ. ಸಣಕಲು ದೇಹದವರ ಗಡ್ಡೆಯೂ ಹಳದಿಯೇ ಆಗಿರುವುದು ಇದರಿಂದ.

2018ರಲ್ಲಿ ಬ್ರಿಟನ್ನಿನ ಸಂಶೋಧಕರು ಇನ್ನೂ ಬೆರಗಿನ ಸಂಗತಿ ಹೇಳಿದರು. 3ನೇ ಕ್ರೋಮೋಸೋಮಿನ ಆ ತುಂಡು ಕಳಚುವುದು ಬಹುತೇಕ ಬಾಲ್ಯದಲ್ಲೋ ಹರೆಯದಲ್ಲೋ, ಕೆಲವೇ ನೂರು ಕೋಶಗಳಲ್ಲಿ. ಗಡ್ಡೆಯಾಗಿ ಕಾಣಿಸಿಕೊಳ್ಳುವುದು ಮೂರು, ನಾಲ್ಕು, ಐದು ದಶಕಗಳ ನಂತರ. ಬೊಜ್ಜು ಈ ದೀರ್ಘ ಮಧ್ಯಂತರದಲ್ಲಿ ಏನು ಮಾಡುತ್ತದೆ? ಡಿಎನ್‌ಎಯನ್ನು ಕೆಡಿಸುತ್ತದೆಯೇ?

ಇಲ್ಲ ಎಂಬ ಉತ್ತರ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. 11 ದೇಶಗಳ 962 ಕ್ಲಿಯರ್ ಸೆಲ್ ಗಡ್ಡೆಗಳ ಪೂರ್ತಿ ಡಿಎನ್‌ಎ ಓದಿದ ಅಧ್ಯಯನವದು. ಹೊಗೆಸೊಪ್ಪು ಡಿಎನ್‌ಎಯಲ್ಲಿ ತನ್ನದೇ ಗುರುತು ಬಿಟ್ಟಿತ್ತು. ರೊಮೇನಿಯ, ಸೆರ್ಬಿಯದ ಗಡ್ಡೆಗಳಲ್ಲಿ ಕೆಲವು ಗಿಡಬಳ್ಳಿಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಎಂಬ ವಿಷದ ಗುರುತಿತ್ತು. ನಮ್ಮ ಕಾಡುಗಳಲ್ಲಿ ಹಬ್ಬುವ, ಹಾವಿನ ವಿಷಕ್ಕೆ ಮದ್ದೆಂದು ಹಳ್ಳಿಗಳಲ್ಲಿ ಕೊಡುವ ಈಶ್ವರಿ ಬಳ್ಳಿಯೂ ಇದೇ ವಿಷದ ಕುಲಕ್ಕೆ ಸೇರಿದ್ದು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಜಪಾನಿನ ಬಹುಪಾಲು ಗಡ್ಡೆಗಳಲ್ಲಿ ಬೇರೆಲ್ಲೂ ಅಷ್ಟಾಗಿ ಕಾಣದ ಒಂದು ನಿಗೂಢ ಗುರುತಿತ್ತು. ಬೊಜ್ಜಿಗೆ ಮಾತ್ರ ಗುರುತೇ ಇರಲಿಲ್ಲ, ಅಧಿಕ ರಕ್ತದೊತ್ತಡಕ್ಕೂ ಇರಲಿಲ್ಲ. ಅಂದರೆ ಬೊಜ್ಜು ಡಿಎನ್‌ಎಯ ಅಕ್ಷರಗಳನ್ನು ತಿದ್ದಿ ಕ್ಯಾನ್ಸರ್ ತರುವುದಿಲ್ಲ. ಮೊದಲೇ ಕೆಟ್ಟು ಕೂತ ಕೋಶಗಳಿಗೆ ಬೆಳೆಯಲು ಅನುಕೂಲ ಮಾಡಿಕೊಡುತ್ತದೆ ಎಂದು ತಿಳಿಯುವುದೇ ಸರಿ. ಬೊಜ್ಜಿನವರ ಗಡ್ಡೆಗೂ ಸಾಮಾನ್ಯ ತೂಕದವರ ಗಡ್ಡೆಗೂ ಮ್ಯುಟೇಶನ್‌ಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ ಎಂಬುದು ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದ 2020ರ ಅಧ್ಯಯನದಲ್ಲೂ ಕಂಡಿತ್ತು.

ಉಳಿದದ್ದು ಮೂರನೆಯದು, ಜೀನುಗಳ ಸದ್ದಿನ ಏರಿಳಿತ. ವಿಷಯ ನಿಜಕ್ಕೂ ರಂಗೇರುವುದು ಇಲ್ಲಿಂದ.

2013ರಲ್ಲಿ ಅಮೆರಿಕದ ‘ಕ್ಯಾನ್ಸರ್ ಜೀನೋಮ್ ಅಟ್ಲಾಸ್’ ಯೋಜನೆ ಕ್ಲಿಯರ್ ಸೆಲ್ ಕ್ಯಾನ್ಸರಿನ ನಕ್ಷೆ ಹೊರತಂದಾಗ, ಬೇಗ ಕೊಲ್ಲುವ ಗಡ್ಡೆಗಳಲ್ಲಿ ಒಂದು ಸಮಾನ ಲಕ್ಷಣ ಕಂಡಿತು. ಅವು ಇಂಧನ ಉರಿಸುವ ಮಾಮೂಲಿ ಚಕ್ರವನ್ನು ತಗ್ಗಿಸಿ, ಕೊಬ್ಬನ್ನು ತಾವೇ ತಯಾರಿಸುವ ಜೀನುಗಳನ್ನು ಏರಿಸಿಕೊಂಡಿದ್ದವು. ಆ ತಯಾರಿಕೆಯ ಮುಖ್ಯ ಕಿಣ್ವ ಎಫ್‌ಎಎಸ್‌ಎನ್, ಅಂದರೆ ಫ್ಯಾಟಿ ಆ್ಯಸಿಡ್ ಸಿಂಥೇಸ್. ಅದೇ ವರ್ಷ ಸ್ಲೋನ್ ಕೆಟರಿಂಗಿನ ಆ್ಯರಿ ಹಕೀಮಿ ಮತ್ತು ಸಹೋದ್ಯೋಗಿಗಳು ಈ ದಾಖಲೆಗಳನ್ನು ರೋಗಿಗಳ ಬಿಎಂಐ ಜೊತೆ ಇಟ್ಟು ನೋಡಿದರು. ಬೊಜ್ಜಿನವರ ಗಡ್ಡೆಗಳಲ್ಲಿ ಎಫ್‌ಎಎಸ್‌ಎನ್ ತಗ್ಗಿತ್ತು. 2016ರ ಅಲ್ಬಿಜ್ ಅಧ್ಯಯನವೂ ಎಫ್‌ಎಎಸ್‌ಎನ್ ಹೆಚ್ಚಿರುವ ಗಡ್ಡೆಯವರು ಬೇಗ ಸಾಯುತ್ತಾರೆ, ಅಪಾಯ ಹೆಚ್ಚಿರುವ ಗುಂಪಿನಲ್ಲೇ ಅದು ಹೆಚ್ಚಾಗಿ ಕಾಣುತ್ತದೆ ಎಂದು ತೋರಿಸಿತು.

ಏಕೆ ಹೀಗೆ? ಅಕ್ಕಪಕ್ಕದ ಮನೆಯಿಂದ ದಿನಾ ಊಟ ಬರುತ್ತಿದ್ದರೆ ಒಲೆ ಹಚ್ಚುವವರು ಯಾರು? ಬೊಜ್ಜಿನ ದೇಹದಲ್ಲಿ ಕೊಬ್ಬಿಗೆ ಬರವಿಲ್ಲ, ಗಡ್ಡೆ ಅದನ್ನು ಹೊರಗಿನಿಂದ ಪಡೆದುಕೊಳ್ಳುತ್ತದೆ. ಕೊಬ್ಬಿಲ್ಲದ ದೇಹದಲ್ಲಿ ಬೆಳೆಯಬೇಕಾದರೆ ಗಡ್ಡೆ ತನ್ನದನ್ನು ತಾನೇ ತಯಾರಿಸಿಕೊಳ್ಳುವಷ್ಟು ಗಟ್ಟಿಗನಾಗಿರಬೇಕು. ಅಂಥ ಗಟ್ಟಿಗ ಗಡ್ಡೆಯೇ ಹೆಚ್ಚು ಆಕ್ರಮಣಕಾರಿ. ಇದು ಊಹೆ, ಆದರೆ ಸಾಕ್ಷ್ಯಕ್ಕೆ ಒಗ್ಗುವ ಊಹೆ. ಈ ಲೆಕ್ಕದಲ್ಲಿ ಬೊಜ್ಜು ರೋಗಿಯನ್ನು ಕಾಯುತ್ತಿಲ್ಲ. ಸಣಕಲು ದೇಹದಲ್ಲಿ ಬೆಳೆಯಲಾರದ ಸಾಧು ಗಡ್ಡೆಗಳು ಬೊಜ್ಜಿನ ದೇಹದಲ್ಲಿ ಬೆಳೆದುಬಿಡುತ್ತವೆ. ಎರಡು ಮಾತಿಗೂ ಬಹಳ ಅಂತರವಿದೆ.

ಸ್ಲೋನ್ ಕೆಟರಿಂಗಿನ 2020ರ ಅಧ್ಯಯನದಲ್ಲಿ ಇನ್ನೊಂದು ಎಳೆ ಸಿಕ್ಕಿತು. ಬೊಜ್ಜಿನವರ ಗಡ್ಡೆಗಳಲ್ಲಿ ರಕ್ತನಾಳ ಬೆಳೆಸುವ ಜೀನುಗಳು ಹೆಚ್ಚು ಚುರುಕಾಗಿದ್ದವು. ಪಾಜೋಪನಿಬ್, ಸುನಿಟಿನಿಬ್‌ನಂಥ ಮಾತ್ರೆಗಳು ಹೊಡೆಯುವುದು ಸರಿಯಾಗಿ ಆ ರಕ್ತನಾಳಗಳನ್ನೇ. ಗುರಿ ದೊಡ್ಡದಾದಷ್ಟೂ ಪೆಟ್ಟು ಚೆನ್ನಾಗಿ ಬೀಳುತ್ತದೆ. ಗಡ್ಡೆಗೆ ಅಂಟಿಕೊಂಡ ಕೊಬ್ಬನ್ನು ಪರೀಕ್ಷಿಸಿದಾಗ ಅದೂ ಸುಮ್ಮನೆ ಕೂತಿರಲಿಲ್ಲ: ಬೊಜ್ಜಿನವರ ಆ ಕೊಬ್ಬಿನಲ್ಲಿ ಆಮ್ಲಜನಕದ ಕೊರತೆ, ಉರಿಯೂತ, ರೋಗನಿರೋಧಕ ಕೋಶಗಳ ಜಮಾವಣೆಯ ಗುರುತುಗಳಿದ್ದವು. ಸರ್ಜನ್‌ಗಳು ಆಪರೇಷನ್ ಮಾಡುವಾಗ ಬಿಡಿಸಿ ಬದಿಗಿಡುವ ಈ ಕೊಬ್ಬು ಗಡ್ಡೆಯ ಹಣೆಬರಹದಲ್ಲಿ ಪಾಲುದಾರ ಎಂಬ ಅನುಮಾನ ಆಗಿನಿಂದ ಬಲಿತಿದೆ.

ಇಷ್ಟಾದರೂ ವಿರೋಧಾಭಾಸವನ್ನು ಇಡಿಯಾಗಿ ಜೀನಿನ ಲೆಕ್ಕಕ್ಕೆ ಬರೆಯುವುದು ಆತುರವಾಗುತ್ತದೆ. ಹಕೀಮಿಯವರ 2013ರ ಅಧ್ಯಯನದಲ್ಲಿ ಆಪರೇಷನ್ನಾದ 2,119 ರೋಗಿಗಳಿದ್ದರು. ಬೊಜ್ಜಿನವರು ರೋಗದ ಮುಂದುವರಿದ ಹಂತದಲ್ಲಿ ಬಂದದ್ದು ಕಡಿಮೆ. ಹಂತವನ್ನೂ ಗಡ್ಡೆಯ ದರ್ಜೆಯನ್ನೂ ಸರಿದೂಗಿಸಿ ನೋಡಿದಾಗ ಬಿಎಂಐನಿಂದ ಸಿಕ್ಕ ಲಾಭ ಕರಗಿಹೋಯಿತು. ಬೊಜ್ಜಿನವರು ಬಿಪಿ, ಶುಗರ್, ಪಿತ್ತಕೋಶದ ಕಲ್ಲು ಎಂದು ಆಗಾಗ ಸ್ಕ್ಯಾನಿಂಗ್ ಮಾಡಿಸಿಕೊಳ್ಳುವವರು, ಗಡ್ಡೆ ಚಿಕ್ಕದಿದ್ದಾಗಲೇ ಅಕಸ್ಮಾತ್ತಾಗಿ ಸಿಕ್ಕಿಬೀಳುವ ಸಂಭವವೂ ಹೆಚ್ಚು. ಇನ್ನೊಂದು ಕಡೆ, ಮುಂದುವರಿದ ಕ್ಯಾನ್ಸರ್ ತಾನೇ ಮೈಯನ್ನು ಕರಗಿಸುತ್ತದೆ. ಆಸ್ಪತ್ರೆಗೆ ಬಂದ ದಿನ 55 ಕಿಲೋ ತೂಗುವ ವ್ಯಕ್ತಿ ಆರು ತಿಂಗಳ ಹಿಂದೆ 70 ಇದ್ದಿರಬಹುದು. ಅವರನ್ನು ‘ಸಾಮಾನ್ಯ ತೂಕ’ದ ಸಾಲಿಗೆ ಸೇರಿಸಿದರೆ ಆ ಸಾಲಿನ ಆಯುಷ್ಯ ಕುಗ್ಗದೆ ಏನಾಗುತ್ತದೆ?

ಅಳತೆಗೋಲೂ ಹಳೆಯದು. ಬಿಎಂಐ ಸೂತ್ರವನ್ನು 19ನೇ ಶತಮಾನದ ಮೊದಲರ್ಧದಲ್ಲಿ ಕೊಟ್ಟವನು ಬೆಲ್ಜಿಯಂನ ಖಗೋಳ ವಿಜ್ಞಾನಿ ಕೆಟ್ಲೆ. ಅವನಿಗೆ ಬೇಕಾಗಿದ್ದುದು ‘ಸರಾಸರಿ ಮನುಷ್ಯ’ನ ಲೆಕ್ಕ, ಕಾಯಿಲೆಯ ಸಾಕ್ಷಿಯಲ್ಲ. ಅದಕ್ಕೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಎಂದು ತಿಳಿಯದು. ಇದನ್ನು ಎಲ್ಲರಿಗಿಂತ ಸೊಗಸಾಗಿ ತೋರಿಸಿದ್ದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 2004ರಲ್ಲಿ ಬಂದ ಒಂದು ಫೋಟೊ. ಅದರಲ್ಲಿರುವವರು ಇಬ್ಬರು ವೈದ್ಯರು, ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಒಬ್ಬರು ಮ್ಯಾರಥಾನ್ ಓಡುವವರು. ಇನ್ನೊಬ್ಬರ ಮುಖ್ಯ ವ್ಯಾಯಾಮ, ದಿನಾ ಬೆಳಿಗ್ಗೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಮುಚ್ಚುವ ಮೊದಲು ಒಳನುಗ್ಗುವ ಓಟ ಎಂಬ ತಮಾಷೆಯ ಟಿಪ್ಪಣಿಯೂ ಅಲ್ಲಿತ್ತು. ಕಿಡ್ನಿ ಕ್ಯಾನ್ಸರಿನ ವಿರೋಧಾಭಾಸ ಬಹುಮಟ್ಟಿಗೆ ನಿಂತಿರುವುದು ಈ ಅಳತೆಗೋಲಿನ ಮೇಲೆ.

ದೇಹದ ರೋಗನಿರೋಧಕ ಕೋಶಗಳನ್ನೇ ಗಡ್ಡೆಯ ಮೇಲೆ ಬಿಡುವ ಇಮ್ಯುನೋಥೆರಪಿ ಬಂದ ಮೇಲೆ ಕತೆ ಇನ್ನಷ್ಟು ಜಟಿಲವಾಗಿದೆ. 2019ರ ಒಂದು ಅಧ್ಯಯನ, ಬೊಜ್ಜಿನಿಂದ ಏರುವ ಲೆಪ್ಟಿನ್ ರೋಗನಿರೋಧಕ ಟಿ ಕೋಶಗಳನ್ನು ದಣಿಸಿ ಅವುಗಳ ಮೇಲೆ ಪಿಡಿ-1 ಎಂಬ ಬ್ರೇಕನ್ನು ಹೆಚ್ಚಿಸುತ್ತದೆ, ಆದ್ದರಿಂದ ಆ ಬ್ರೇಕ್ ಬಿಡಿಸುವ ಔಷಧ ಬೊಜ್ಜಿನವರಲ್ಲೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದಿತು. ಮರುವರ್ಷ ಕಿಡ್ನಿ ಗಡ್ಡೆಯಿದ್ದ ಇಲಿಗಳಲ್ಲಿ ನಡೆದ ಪ್ರಯೋಗ ಬೇರೆ ಮಾತು ಹೇಳಿತು: ಬೊಜ್ಜಿನ ಇಲಿಗಳಿಗೆ ಚಿಕಿತ್ಸೆ ಸರಿಯಾಗಿ ಹತ್ತಲಿಲ್ಲ. 2024ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ತಂಡ ಪಿಡಿ-1 ಬ್ರೇಕ್ ಮ್ಯಾಕ್ರೊಫೇಜ್ ಎಂಬ ಬೇರೆ ರೋಗನಿರೋಧಕ ಕೋಶಗಳ ಮೇಲೂ ಬೊಜ್ಜಿನಿಂದ ಹೆಚ್ಚುತ್ತದೆ ಎಂದು ತೋರಿಸಿತು. ಸ್ಲೋನ್ ಕೆಟರಿಂಗಿನಲ್ಲಿ ಇಮ್ಯುನೋಥೆರಪಿ ಪಡೆದ ರೋಗಿಗಳ ಗುಂಪಿನಲ್ಲಿ ಬೊಜ್ಜಿನವರಿಗೆ ಕಂಡಿದ್ದ ಲಾಭ, ರೋಗದ ಇತರ ಅಪಾಯಗಳನ್ನು ಲೆಕ್ಕಕ್ಕೆ ಹಿಡಿದಾಗ ತೆಳುವಾಯಿತು.

ಎಫ್‌ಟಿಒ ಕೂಡ ಈ ನಾಟಕದಲ್ಲಿ ಎರಡನೇ ಪಾತ್ರ ಹಾಕಿದೆ. ಅದು ಆರ್‌ಎನ್‌ಎ ಮೇಲಿನ ಒಂದು ರಾಸಾಯನಿಕ ಗುರುತನ್ನು ಅಳಿಸುವ ಕಿಣ್ವ ಎಂದು 2011ರಲ್ಲಿ ತಿಳಿಯಿತು. ಕಿಡ್ನಿ ಗಡ್ಡೆಯಲ್ಲಿ ಅದರ ಕೆಲಸವೇನು? 2019ರ ಒಂದು ವರದಿಯ ಪ್ರಕಾರ ಅದು ಗಡ್ಡೆಯನ್ನು ತಡೆಯುತ್ತದೆ. 2020ರ ಇನ್ನೊಂದರ ಪ್ರಕಾರ, ವಿಎಚ್‌ಎಲ್ ಕೆಟ್ಟ ಕೋಶಗಳು ಬದುಕಲು ಎಫ್‌ಟಿಒವನ್ನೇ ನೆಚ್ಚಿಕೊಂಡಿವೆ. ಯಾವುದು ಸರಿ ಎಂದು ಈಗಲೇ ತೀರ್ಪು ಕೊಡುವುದು ಅವಸರ. ಆದರೆ ಒಂದು ಮಾತು ಸ್ಪಷ್ಟ: ‘ಬೊಜ್ಜಿನ ಜೀನ್’ ಎಂದು ಹಣೆಪಟ್ಟಿ ಹಚ್ಚಿಸಿಕೊಂಡ ಜೀನ್ ಗಡ್ಡೆಯೊಳಗೆ ಮಾಡುವ ಕೆಲಸಕ್ಕೂ ಅದರ ಒಡೆಯರ ತೂಕಕ್ಕೂ ಸಂಬಂಧ ಇರಲೇಬೇಕೆಂದಿಲ್ಲ.

ಹಾಗಾದರೆ ಇದರಿಂದ ರೋಗಿಗೆ ಸಿಕ್ಕಿದ್ದೇನು? ಎಫ್‌ಎಎಸ್‌ಎನ್ ತಡೆಯುವ ಔಷಧಗಳು ಪ್ರಯೋಗದಲ್ಲಿವೆ, ಆದರೆ ಕಿಡ್ನಿ ಕ್ಯಾನ್ಸರಿಗೆ ವೈದ್ಯರು ಬರೆದುಕೊಡಬಹುದಾದದ್ದು ಒಂದೂ ಇಲ್ಲ. ತೂಕ ಇಳಿಸಲು ಕೊಡುವ ಆರ್ಲಿಸ್ಟಾಟ್ ಮಾತ್ರೆ ಲ್ಯಾಬಿನ ಕೋಶಗಳಲ್ಲಿ ಈ ಕಿಣ್ವವನ್ನು ತಡೆಯುತ್ತದೆಂದು 2004ರಲ್ಲೇ ಗೊತ್ತಾಗಿತ್ತು. ಬಾಯಿಂದ ನುಂಗಿದ ಆರ್ಲಿಸ್ಟಾಟ್ ರಕ್ತಕ್ಕೆ ಸೇರುವುದು ನಗಣ್ಯ, ಹಾಗಾಗಿ ಇಂಟರ್ನೆಟ್ಟಿನಲ್ಲಿ ಓದಿ ಮೆಡಿಕಲ್ ಸ್ಟೋರಿಗೆ ಓಡುವುದರಲ್ಲಿ ಅರ್ಥವಿಲ್ಲ. ಉಗುಳು ಕಳಿಸಿ ಮಾಡಿಸುವ ಜೀನ್ ಟೆಸ್ಟಿನಲ್ಲಿ ಎಫ್‌ಟಿಒ ‘ಅಪಾಯ’ ಎಂದು ಬಂದರೂ, ಕಿಡ್ನಿ ಕ್ಯಾನ್ಸರ್ ಇರುವವರ ಚಿಕಿತ್ಸೆಯಲ್ಲಿ ಒಂದು ಸಾಲೂ ಬದಲಾಗುವುದಿಲ್ಲ. ವಿಎಚ್‌ಎಲ್ ಕೆಡುಕು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಕುಟುಂಬಗಳ ಮಾತು ಬೇರೆ. ಅಲ್ಲಿ ಜೀನ್ ಪರೀಕ್ಷೆ ಬೇಕೇ ಬೇಕು, ಎಚ್‌ಐಎಫ್ ತಡೆಯುವ ಬೆಲ್‌ಜುಟಿಫಾನ್ ಮಾತ್ರೆಗೆ ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆಯೂ ಸಿಕ್ಕಿದೆ.

ಬೊಜ್ಜು ಒಳ್ಳೆಯದಂತೆ ಎಂಬ ಅರ್ಧ ಸುದ್ದಿ ಹರಡುವುದು ಇನ್ನೂ ಅಪಾಯ. ಬೊಜ್ಜಿನವರಲ್ಲಿ ಕಿಡ್ನಿ ಕ್ಯಾನ್ಸರ್ ಹೆಚ್ಚು ಬರುತ್ತದೆ ಎಂಬ ಮಾತು ಇಷ್ಟು ಅಧ್ಯಯನಗಳಾದ ಮೇಲೂ ಕೂದಲೆಳೆಯಷ್ಟೂ ಅಲುಗಿಲ್ಲ. ಕರ್ನಾಟಕದಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಬಿಎಂಐ 25 ದಾಟಿದವರು ಹೆಂಗಸರಲ್ಲೂ ಗಂಡಸರಲ್ಲೂ ಸುಮಾರು ಶೇ 30. ಅದಕ್ಕೂ ಹಿಂದಿನ ಸುತ್ತಿನಲ್ಲಿ ಈ ಅಂಕಿ ಶೇ 22, 23ರ ಆಸುಪಾಸಿನಲ್ಲಿತ್ತು. ಭಾರತೀಯರಿಗೆ ಅಧಿಕ ತೂಕದ ಗೆರೆಯನ್ನು ವೈದ್ಯರು 23ಕ್ಕೇ ಎಳೆದಿದ್ದಾರೆ. ಆ ಗೆರೆ ಹಿಡಿದರೆ ಲೆಕ್ಕ ಇನ್ನೂ ಮೇಲೆ ಹೋಗುತ್ತದೆ.

2024ರ ಅಧ್ಯಯನಕ್ಕೆ ಗಡ್ಡೆ ಕೊಟ್ಟ 11 ದೇಶಗಳಲ್ಲಿ ಬ್ರೆಜಿಲ್ ಇತ್ತು, ಥಾಯ್ಲೆಂಡ್ ಇತ್ತು, ಲಿಥುವೇನಿಯ ಇತ್ತು. ಭಾರತ ಇರಲಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ನಗರದ ಕ್ಯಾನ್ಸರ್ ನೋಂದಣಿ ನಡೆಸಿಕೊಂಡು ಬಂದಿದೆ, ಮೈಸೂರಿನ ತಾಯಿ ಮಕ್ಕಳ ಅಧ್ಯಯನಗಳು ಬೊಜ್ಜಿನ ವಿಜ್ಞಾನಕ್ಕೆ ಜಗತ್ತಿನಾದ್ಯಂತ ಬಳಕೆಯಾಗುವ ಮಾಹಿತಿ ಕೊಟ್ಟಿವೆ. ತೆಳ್ಳಗೆ ಕಂಡರೂ ಒಳಗೆ ಕೊಬ್ಬು ತುಂಬಿಕೊಂಡ ಭಾರತೀಯ ದೇಹದಲ್ಲಿ ಕಿಡ್ನಿ ಗಡ್ಡೆ ಎಫ್‌ಎಎಸ್‌ಎನ್ ಏರಿಸಿಕೊಳ್ಳುತ್ತದೆಯೋ ತಗ್ಗಿಸಿಕೊಳ್ಳುತ್ತದೆಯೋ ಎಂದು ನೋಡಲು ಬೇಕಾದದ್ದು ಹೊಸ ಯಂತ್ರವಲ್ಲ. ಆಪರೇಷನ್ ಆದ ಪ್ರತಿ ರೋಗಿಯ ಗಡ್ಡೆಯ ಚೂರು, ಸೊಂಟದ ಸುತ್ತಳತೆ, ಆರು ತಿಂಗಳ ಹಿಂದಿನ ತೂಕ, ಇವಿಷ್ಟನ್ನು ಒಂದೇ ಕಡತದಲ್ಲಿ ಇಡುವ ಶಿಸ್ತನ್ನು ನಮ್ಮ ದೊಡ್ಡ ಆಸ್ಪತ್ರೆಗಳು ರೂಢಿಸಿಕೊಳ್ಳಬೇಕು.